ಲಸಿಕೆಯ ಅಡ್ಡಪರಿಣಾಮ: ಬಿಸಿಜಿ ಮತ್ತು ಪೆಂಟಾವೇಲೆಂಟ್

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ (ಆರಂಭ 1985) ಹುಟ್ಟಿದ ಕೂಡಲೇ ಎಡತೋಳಿನ ಚರ್ಮದ ಪದರದೊಳಗೆ ಕ್ಷಯರೋಗದ ವಿರುದ್ಧದ ಬಿಸಿಜಿ ಹಾಕುತ್ತಾರೆ. ಕೆಲವು ವಾರಗಳಲ್ಲಿ ಅಲ್ಲಿ ಸಣ್ಣ ಗುಳ್ಳೆ ಎದ್ದು, ಒಡೆದು, ಒಣಗಿ ಕಲೆ ಉಳಿಯುತ್ತದೆ. ಇದು ಸಹಜ, ಮುಲಾಮು, ಅರಿಶಿನ ಏನನ್ನೂ ಹಚ್ಚಬಾರದು.

6, 10, 14ನೇ ವಾರಗಳ ಪೆಂಟಾವೇಲೆಂಟ್ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ಹಿಮೋಫಿಲಸ್ ಇನ್‌ಫ್ಲುಯೆಂಜೆ ಬಿ ಬ್ಯಾಕ್ಟೀರಿಯಾ) ವಿರುದ್ಧ (ಪೋಲಿಯೊ ಇದರಲ್ಲಿಲ್ಲ, ನೆನಪಿಡಿ). ಚುಚ್ಚಿದ ತೊಡೆ ಕೆಂಪಾಗಿ ಊದುವುದು, ಒಂದೆರಡು ದಿನ ಜ್ವರ, ಅಳು ಸಾಮಾನ್ಯ. ಮುಖ್ಯ ಕಾರಣ, ನಾಯಿಕೆಮ್ಮಿನ ಪೂರ್ಣಕೋಶ (ಸತ್ತ ಇಡೀ ಬ್ಯಾಕ್ಟೀರಿಯಾದ) ಅಂಶ. ಜ್ವರ ಬಾರದಿದ್ದರೆ ಲಸಿಕೆ ಫಲಿಸಿಲ್ಲವೆಂದು ಅರ್ಥವಲ್ಲ.

ತೀವ್ರ ಅಲರ್ಜಿಯಾದ ಅನಾಫಿಲ್ಯಾಕ್ಸಿಸ್ ಅತಿ ವಿರಳ. ಬಂದರೆ ಹೆಚ್ಚಾಗಿ ನಿಮಿಷಗಳಲ್ಲೇ. ಅದಕ್ಕೇ ಲಸಿಕೆಯ ಬಳಿಕ ಅರ್ಧ ಗಂಟೆ ಕೇಂದ್ರದಲ್ಲೇ ಕೂರಿಸುತ್ತಾರೆ. ಮೊದಲ ಔಷಧ ಅಡ್ರಿನಲಿನ್.