ಅಟ್ಟದ ಮೇಲೊಂದು ತುರ್ತು ಚೀಲ

ಉಡುಪಿಯ ಕಲ್ಸಂಕದ ಸಮೀಪ, ಮಧುಮೇಹವಿರುವ ವೃದ್ಧ ತಾಯಿಯೊಡನೆ ವಾಸಿಸುವ ನಾಲ್ವರ ಕುಟುಂಬವೊಂದು ಮಳೆಗಾಲದ ತುರ್ತು ಚೀಲದಲ್ಲಿ ಏನಿರಬೇಕೆಂದು ಕೇಳಿದೆ. 2020ರ ಸೆಪ್ಟೆಂಬರ್ 20ರ ನೆರೆಯಲ್ಲಿ ನಗರದ ತಗ್ಗು ಪ್ರದೇಶಗಳ ಮನೆಗಳಿಗೆ ನೀರು ನುಗ್ಗಿದ್ದನ್ನೂ, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದಿಂದ ಕಾಪುವಿನ ಕಡಲು ಪ್ರಕ್ಷುಬ್ಧಗೊಂಡದ್ದನ್ನೂ ನೆನೆದರೆ ಈ ಪ್ರಶ್ನೆ ಅಕಾಲಿಕವಲ್ಲ.

ತಲೆಗೆ ದಿನಕ್ಕೆ ಸುಮಾರು 4 ಲೀಟರಿನಂತೆ ಮೂರು ದಿನಗಳ ನೀರನ್ನು ಕ್ಯಾನುಗಳಲ್ಲಿ ಎತ್ತರದಲ್ಲಿಡಬೇಕು, ಏಕೆಂದರೆ ನೆರೆನೀರು ಬೆರೆತ ಬಾವಿಯನ್ನು ಬ್ಲೀಚಿಂಗ್ ಪುಡಿಯಿಂದ ಶುದ್ಧಗೊಳಿಸುವವರೆಗೆ ಬಳಸುವಂತಿಲ್ಲ. ಆಹಾರದ ವಿಷಯದಲ್ಲಿ ಕರಾವಳಿಯ ಅಭ್ಯಾಸವೇ ತೊಡಕು: ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು, ನೀರು, ಉರುವಲು ಬೇಕು, ಆದರೆ ಅವಲಕ್ಕಿ, ಹುರಿಗಡಲೆ, ಬೆಲ್ಲಕ್ಕೆ ಒಲೆಯೇ ಬೇಡ, ಅಲ್ಲದೆ ತಾಯಿಯ ರಕ್ತದ ಸಕ್ಕರೆ ಹಠಾತ್ತನೆ ಕುಸಿದರೆ ಅದೇ ಬೆಲ್ಲದ ತುಂಡು ಕೈಗೆ ಸಿಗುತ್ತದೆ.

ಬಳಕೆಯಲ್ಲಿರುವ ಇನ್ಸುಲಿನ್ ಸಾಮಾನ್ಯವಾಗಿ ನಾಲ್ಕು ವಾರ ತಂಪಾದ ಕೋಣೆಯಲ್ಲಿ ಕೆಡುವುದಿಲ್ಲವಾದರೂ, ತೆರೆಯದ ಬಾಟಲಿಗಳನ್ನು ಫ್ರಿಜ್ ನಿಂತಾಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒದ್ದೆ ಮಣ್ಣಿನ ಮಡಕೆಯಲ್ಲಿಡುವುದು ಒಳ್ಳೆಯದು. ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿಜ್ವರ ಈ ಜಿಲ್ಲೆಗೆ ಹೊಸದಲ್ಲ. ಗಮ್‌ಬೂಟು, ಗಾಯಕ್ಕೆ ಜಲನಿರೋಧಕ ಪಟ್ಟಿ ಚೀಲದಲ್ಲಿರಲಿ, ಮುಂಜಾಗ್ರತೆಯ ಮಾತ್ರೆಯನ್ನು ವೈದ್ಯರು ಹೇಳಿದರಷ್ಟೇ ಸೇವಿಸಬೇಕು. ಟಾರ್ಚು, ಪವರ್ ಬ್ಯಾಂಕು, ಆಧಾರ್ ಮತ್ತು ಪಹಣಿಯ ಪ್ರತಿಗಳ ಜೊತೆಗೆ, ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಯನ್ನು ಫೋನಿನಲ್ಲಷ್ಟೇ ಅಲ್ಲದೆ ಕಾಗದದಲ್ಲೂ ಬರೆದಿಡಬೇಕು.