ಮೂರು ತಂತಿಯ ವಾದ್ಯ ಮತ್ತು ಒಂದು ಪ್ರೇಮಕಥೆ

ಮೀಟಿದ ತಂತಿಯ ನಾದವು ಹುಟ್ಟಿದ ಕ್ಷಣದಿಂದಲೇ ಕುಗ್ಗತೊಡಗುತ್ತದೆ. ವೀಣೆಯಲ್ಲಿ ಇದನ್ನು ನಾವೆಲ್ಲರೂ ಕೇಳಿದ್ದೇವೆ. ಪಿಟೀಲಿನ ತಂತಿಯಾದರೋ, ಕಮಾನು ಚಲಿಸುತ್ತಿರುವವರೆಗೂ ಶಕ್ತಿಯನ್ನು ಪಡೆಯುತ್ತ ಒಂದೇ ಸಮನೆ ನುಡಿಯಬಲ್ಲುದು. ಇವೆರಡು ಬಗೆಯ ನಾದಗಳನ್ನೂ ಒಂದೇ ವಾದ್ಯವೃಂದದಲ್ಲಿ ಕೂಡಿಸುವುದು ಹೇಗೆಂಬುದನ್ನು ಒಂದು ಪ್ರಸಿದ್ಧ ಚಲನಚಿತ್ರದ ಮೂಲಕ ವಿಚಾರಿಸೋಣ.

ಬೋರಿಸ್ ಪಾಸ್ತರ್ನಾಕನ ‘ಡಾಕ್ಟರ್ ಝಿವಾಗೋ’ ಕಾದಂಬರಿಯು 1957ರಲ್ಲಿ ಮೊದಲು ಇಟಲಿಯಲ್ಲಿ ಪ್ರಕಟವಾಯಿತು. ಡೇವಿಡ್ ಲೀನ್ ಅದನ್ನು 1965ರಲ್ಲಿ ತೆರೆಗೆ ತಂದನು. ವೈದ್ಯನೂ ಕವಿಯೂ ಆದ ಯೂರಿಯನ್ನೂ ಲಾರಾಳನ್ನೂ ಯುದ್ಧ ಮತ್ತು ಕ್ರಾಂತಿಗಳು ಕೂಡಿಸಿ ಅಗಲಿಸುತ್ತವೆ. ಮೂರು ಗಂಟೆಗಳಿಗೂ ಮೀರಿದ ಈ ಚಿತ್ರಕ್ಕೆ ಸಂಗೀತವನ್ನು ರಚಿಸಿದವನು ಫ್ರಾನ್ಸಿನ ಮೋರಿಸ್ ಝಾರ್ (1924–2009). ಲಾರಾಳ ಮಟ್ಟಿಗೆ ಅವನು ವಾದ್ಯವೃಂದದೊಡನೆ ರಷ್ಯದ ಜನಪದ ವಾದ್ಯವಾದ ಬಲಲೈಕಾವನ್ನು ಬಳಸಿದನು. ಕಥೆಯಲ್ಲಿ ಯೂರಿಗೆ ತಾಯಿಯಿಂದ ಉಳಿದುಬಂದ ವಾದ್ಯವೂ ಅದೇ.

ಬಲಲೈಕಾದ ಒಡಲು ತ್ರಿಕೋಣಾಕಾರದ್ದು, ತಂತಿಗಳು ಮೂರು. ಅದರ ನಾದವು ಬಹುಬೇಗ ಅಡಗುವುದರಿಂದ ವಾದಕನು ತೋರುಬೆರಳನ್ನು ತಂತಿಗಳ ಮೇಲೆ ಅತಿ ವೇಗವಾಗಿ ಹಿಂದುಮುಂದಾಗಿ ಆಡಿಸುತ್ತಾನೆ. ಒಂದು ಮೀಟಿನ ನಾದ ಅಡಗುವ ಮೊದಲೇ ಇನ್ನೊಂದು ಹುಟ್ಟುವುದರಿಂದ, ಕಿವಿಗೆ ಅದು ನಡುಗುವ ಒಂದೇ ನಾದದಂತೆ ತೋರುತ್ತದೆ.

ಆದರೂ ಧ್ವನಿ ಸಣ್ಣದೇ. ಹತ್ತು ಮಂದಿ ಒಟ್ಟಾಗಿ ನುಡಿಸಿದರೆ ನಾದಶಕ್ತಿಯು ಹತ್ತರಷ್ಟಾಗುತ್ತದೆ, ಅಂದರೆ 10 ಡೆಸಿಬೆಲ್ ಏರುತ್ತದೆ. ಕಿವಿಗೆ ಮಾತ್ರ ಅದು ಸುಮಾರು ಎರಡರಷ್ಟು ದೊಡ್ಡದಾಗಿ ಕೇಳಿಸುತ್ತದೆ. ಆದ್ದರಿಂದ ವಾದಕರನ್ನು ಹೆಚ್ಚಿಸಿದರಷ್ಟೇ ಸಾಲದು. ಇಂಥ ವಾದ್ಯವು ನುಡಿಯುವಾಗ ತುತ್ತೂರಿಗಳಂತಹ ಬಲವಾದ ವಾದ್ಯಗಳು ತಗ್ಗಬೇಕು, ಇಲ್ಲವೆ ಮೈಕ್ರೊಫೋನನ್ನು ಅದರ ಸಮೀಪಕ್ಕೆ ತರಬೇಕು.

ಇನ್ನು ಕಾಲದ ಲೆಕ್ಕ. ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಲಾರಾಳ ಮಟ್ಟು ವಾಲ್ಟ್ಸ್ ನೃತ್ಯದಂತೆ ಮೂರು ಮಾತ್ರೆಗಳ ಆವರ್ತದಲ್ಲಿದೆ. ಉದಾಹರಣೆಗೆ, ಒಂದು ದೃಶ್ಯವು 10 ಸೆಕೆಂಡು, ಅಂದರೆ 240 ಚಿತ್ರಗಳಷ್ಟು ಇದೆಯೆನ್ನೋಣ. ನಿಮಿಷಕ್ಕೆ 120 ಮಾತ್ರೆಗಳ ವೇಗದಲ್ಲಿ ಅಲ್ಲಿ 20 ಮಾತ್ರೆಗಳು ಹಿಡಿಯುತ್ತವೆ: ಆರು ಆವರ್ತಗಳು ಮುಗಿದು ಎರಡು ಮಾತ್ರೆಗಳು ಉಳಿಯುತ್ತವೆ. ವೇಗವನ್ನು 108ಕ್ಕೆ ಇಳಿಸಿದರೆ ಸರಿಯಾಗಿ 18 ಮಾತ್ರೆಗಳಾಗಿ, ದೃಶ್ಯವೂ ಮಟ್ಟೂ ಕೂಡಿಯೇ ಮುಗಿಯುತ್ತವೆ. ಕಣ್ಣೀರು ತರಿಸುವ ಸಂಗೀತದ ಹಿಂದೆ ಇಂಥ ಭಾಗಾಕಾರವೂ ಅಡಗಿರುತ್ತದೆ.

ಒಂದೇ ಮಟ್ಟು ಮರಳಿ ಮರಳಿ ಬಂದಾಗ ನಮ್ಮ ಸ್ಮರಣೆಯು ಅದನ್ನು ವ್ಯಕ್ತಿಯೊಡನೆ ಬೆಸೆಯುತ್ತದೆ. ಲಾರಾ ತೆರೆಯ ಮೇಲೆ ಇಲ್ಲದಿದ್ದರೂ ಯೂರಿಯು ಯಾರನ್ನು ನೆನೆಯುತ್ತಿರುವನೆಂದು ನಾವು ತಿಳಿಯುತ್ತೇವೆ. ಈ ಸಂಗೀತಕ್ಕಾಗಿ ಝಾರನಿಗೆ 1966ರಲ್ಲಿ ಆಸ್ಕರ್ ಪ್ರಶಸ್ತಿ ದೊರೆಯಿತು. ಚಿತ್ರದ ಕೊನೆಯಲ್ಲಿ, ಅವರಿಬ್ಬರ ಮಗಳೆಂದು ಊಹಿಸಲ್ಪಡುವ ತರುಣಿಯೊಬ್ಬಳು ಬಲಲೈಕಾವನ್ನು ಬೆನ್ನಿಗೆ ಹಾಕಿಕೊಂಡು ನಡೆಯುತ್ತಾಳೆ. ಆಕೆಗೆ ತಂದೆತಾಯಿಗಳ ಸ್ಪಷ್ಟ ನೆನಪಿಲ್ಲ. ಆದರೆ ಆ ವಾದ್ಯವನ್ನು ಕಂಡೊಡನೆ ನಮಗೆ ಅವರಿಬ್ಬರ ನೆನಪು ಮರಳುತ್ತದೆ.