ಅತಿಸಾರದಲ್ಲಿ ಉಪ್ಪು-ಸಕ್ಕರೆಯ ನೀರು

ಬೇಸಿಗೆಯಲ್ಲಿಯೂ ಮಳೆಗಾಲದ ಆರಂಭದಲ್ಲಿಯೂ ಅತಿಸಾರ, ಅಂದರೆ ಭೇದಿ, ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಈ ವ್ಯಾಧಿಯಲ್ಲಿ ಮಕ್ಕಳ ಪ್ರಾಣಕ್ಕೆ ಎರವಾಗುವುದು ಬಹುಮಟ್ಟಿಗೆ ದೇಹದಿಂದ ಹೊರಹೋಗುವ ನೀರು ಮತ್ತು ಲವಣಗಳ ನಷ್ಟ. ಅದನ್ನು ತುಂಬಲು ಬರಿಯ ನೀರು ಏಕೆ ಸಾಲದೆಂಬುದನ್ನು ತಿಳಿಯಲು ಜೀವಕೋಶದ ಪೊರೆಯ ಸ್ವಭಾವವನ್ನು ಅರಿಯಬೇಕು.

ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿದರೆ ಉಬ್ಬುತ್ತದೆ. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿದರೆ ನೀರು ಬಿಡುತ್ತದೆ. ಎರಡಕ್ಕೂ ಕಾರಣ ಒಂದೇ: ಲವಣ, ಸಕ್ಕರೆಗಳು ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ನೀರು ಪೊರೆಯನ್ನು ದಾಟಿ ಹರಿಯುತ್ತದೆ. ಇದಕ್ಕೆ ಅಭಿಸರಣೆ ಎಂದು ಹೆಸರು.

ಕೋಶಪೊರೆಯು ಕೊಬ್ಬಿನ ಎರಡು ಪದರಗಳಿಂದಾದುದು. ನೀರಿನ ಸಂಚಾರಕ್ಕೆ ಅದರಲ್ಲಿ ಅಕ್ವಾಪೊರಿನ್ ಎಂಬ ಪ್ರೋಟೀನಿನ ಸೂಕ್ಷ್ಮ ನಾಳಗಳಿವೆ. ಇವನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರು 2003ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಲವಣ, ಸಕ್ಕರೆಗಳಿಗೆ ಬೇರೆ ದ್ವಾರಗಳು ಬೇಕು. ಸಣ್ಣ ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಎರಡನ್ನೂ ಜೊತೆಗೂಡಿಸಿ ಒಳಗೊಯ್ಯುವ ದ್ವಾರವೊಂದಿದೆ. ಈ ತತ್ತ್ವವನ್ನು 1960ರಲ್ಲಿ ರಾಬರ್ಟ್ ಕ್ರೇನ್ ಮಂಡಿಸಿದರು. ಅವೆರಡೂ ಒಳಹೊಕ್ಕಾಗ ನೀರು ಅವನ್ನು ಹಿಂಬಾಲಿಸುತ್ತದೆ. ಕಾಲರಾದ ವಿಷವು ಕರುಳಿನಿಂದ ನೀರನ್ನು ಹೊರಚೆಲ್ಲಿಸಿದರೂ ಈ ದ್ವಾರವನ್ನು ಕೆಡಿಸಲಾರದು.

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರಾವಣವು ಸಾಲದೆ ಹೋದಾಗ, ಡಾ. ದಿಲೀಪ್ ಮಹಲನೋಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆತ ನೀರನ್ನು ಬಾಯಿಯ ಮೂಲಕವೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಮರಣ ಪ್ರಮಾಣವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಇಂದಿನ ಓ.ಆರ್.ಎಸ್. ಪುಡಿಯ ಹಿಂದಿರುವುದು ಇದೇ ತತ್ತ್ವ.

ಇಲ್ಲಿ ಅಳತೆಯೇ ಮುಖ್ಯ. ಸಕ್ಕರೆ ಹೆಚ್ಚಾದರೆ ಹೀರಿಕೆಯಾಗದೆ ಕರುಳಿನಲ್ಲಿಯೇ ಉಳಿದು, ಉಪ್ಪು ಮಾವಿನಕಾಯಿಯಿಂದ ನೀರೆಳೆಯುವಂತೆ, ದೇಹದ ನೀರನ್ನೇ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಆದ್ದರಿಂದ ಬಾಟಲಿಯ ಸಿಹಿ ಪಾನೀಯಗಳು ಸಲ್ಲವು. ಉಪ್ಪು ಮಿತಿಮೀರಿದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಅಪಾಯವಾದೀತು.

ಅನುಸರಿಸಬೇಕಾದ ಕ್ರಮ:

1. ಓ.ಆರ್.ಎಸ್. ಪೊಟ್ಟಣದ ಮೇಲೆ ಸೂಚಿಸಿದಷ್ಟೇ ನೀರಿನಲ್ಲಿ ಇಡೀ ಪುಡಿಯನ್ನು ಒಮ್ಮೆಗೇ ಕರಗಿಸಿರಿ. 24 ಗಂಟೆಗಳ ಬಳಿಕ ಉಳಿದುದನ್ನು ಚೆಲ್ಲಿರಿ.

2. ಪುಡಿ ದೊರೆಯದಿದ್ದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿರಿ.

3. ಚಮಚದಿಂದ ಸ್ವಲ್ಪಸ್ವಲ್ಪವಾಗಿ ಕುಡಿಸಿರಿ. ವಾಂತಿಯಾದರೆ 10 ನಿಮಿಷ ತಡೆದು ಪುನಃ ಆರಂಭಿಸಿರಿ.

4. ಎದೆಹಾಲನ್ನು ನಿಲ್ಲಿಸಬಾರದು. ವೈದ್ಯರು ಹೇಳಿದಂತೆ ಜಿಂಕ್ ಮಾತ್ರೆಯನ್ನು ಪೂರ್ಣಾವಧಿ ಕೊಡಿರಿ.

ಆಯುರ್ವೇದವು ಇಂತಹ ರೋಗಿಗಳಿಗೆ ಪೇಯ, ಲಾಜಮಂಡಗಳನ್ನು, ಅಂದರೆ ಅಕ್ಕಿಯ ಮತ್ತು ಅರಳಿನ ತೆಳುಗಂಜಿಯನ್ನು, ಪಥ್ಯವಾಗಿ ಹೇಳಿದೆ. ಗಂಜಿಯ ಪಿಷ್ಟವು ಕರುಳಿನಲ್ಲಿ ಗ್ಲೂಕೋಸ್ ಆಗಿ ಮಾರ್ಪಡುತ್ತದೆ; ಅದಕ್ಕೆ ಬೆರೆಸಿದ ಅಲ್ಪ ಉಪ್ಪು ಸೋಡಿಯಂ ಒದಗಿಸುತ್ತದೆ. ಹಿರಿಯರ ಅನುಭವವು ಇಲ್ಲಿ ವಿಜ್ಞಾನದೊಡನೆ ಕೂಡಿಬರುತ್ತದೆ.

ಕಣ್ಣು ಗುಳಿಬಿದ್ದು ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಕಷಾಯ, ಮನೆಮದ್ದುಗಳಲ್ಲಿ ಕಾಲ ಕಳೆಯಬಾರದು. ದ್ರಾವಣವನ್ನು ಗುಟುಕರಿಸಬಲ್ಲ ಮಗುವಿಗೆ ದಾರಿಯುದ್ದಕ್ಕೂ ಕುಡಿಸುತ್ತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸದ್ಭಕ್ತರ ಪ್ರತಿಯೊಂದು ಮನೆಯಲ್ಲಿಯೂ ಎರಡು ಓ.ಆರ್.ಎಸ್. ಪೊಟ್ಟಣಗಳು ಸದಾ ಇರಲಿ.